ಬಿಸಿಲಿನಲ್ಲಿ ಕರ್ಣಕುಂಡಲ, ನೆರಳಿನಲ್ಲಿ ಕರ್ಣಕುಂಡಲ: ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಒಂದು ಅಧ್ಯಯನ ಪಾಠ



ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ ಮತ್ತು ಗ್ರಂಥಾಲಯಗಳ ಅಂಗಳದಲ್ಲಿ ಹೂಗಿಡ ಬೆಳೆಸುವ ವಿಷಯವು ಸಾಮಾನ್ಯವಾಗಿ ಸಭೆಯ ನಡಾವಳಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆವರಣದ ಅಂದಕ್ಕಾಗಿ ಸಸಿಗಳನ್ನು ಖರೀದಿಸಲು ತೀರ್ಮಾನಿಸಲಾಯಿತು ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುತ್ತೇವೆ. ಯಾವ ಸಸಿ, ಯಾವ ತಿಂಗಳಿನಲ್ಲಿ, ಯಾವ ಗೋಡೆಯ ಪಕ್ಕದಲ್ಲಿ, ಯಾರ ಪಾಲಿನ ನೀರಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಅವುಗಳಿಗೆ ಉತ್ತರ ಹುಡುಕಲು ಒಂದೇ ಒಂದು ಗಿಡವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪಾಠವನ್ನು ಬರೆಯಲಾಗಿದೆ. ಆ ಗಿಡ ಕರ್ಣಕುಂಡಲ, ಮತ್ತು ಅದರೊಡನೆ ಇಂದು ನರ್ಸರಿಗಳಲ್ಲಿ ಇಂಪೇಷನ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅದರ ದಾಯಾದಿಗಳು.

ಈ ಗಿಡವನ್ನೇ ಆರಿಸಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಬಯಲುಸೀಮೆಯ ಒಂದು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಹೊಸ ಕಟ್ಟಡದ ಉದ್ಘಾಟನೆಗಾಗಿ ಯುಗಾದಿಯ ಆಸುಪಾಸಿನಲ್ಲಿ ಪಶ್ಚಿಮದ ಕಾಂಪೌಂಡಿನುದ್ದಕ್ಕೂ ಇಂಪೇಷನ್ಸ್ ಸಸಿಗಳನ್ನು ಸಾಲಾಗಿ ನೆಟ್ಟಿದ್ದರು. ನಾನು ಹೋದ ವೇಳೆಗೆ ಉಳಿದಿದ್ದುದು ಕಪ್ಪು ಪ್ಲಾಸ್ಟಿಕ್ ಚೀಲಗಳು ಮತ್ತು ಒಣಗಿದ ಕಾಂಡಗಳು ಮಾತ್ರ. ಪಕ್ಕದ ಮನೆಯ ಅಜ್ಜಿಯೊಬ್ಬರು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. "ಅಜ್ಜಿ, ನಿಮ್ಮನೇಲಿ ಈ ಹೂ ಬೆಳೀತೀರಾ?" ಎಂದು ಕೇಳಿದೆ. ಅವರು ಒಳಗೆ ಹೋಗಿ ಬಟ್ಟೆಯ ಸಣ್ಣ ಗಂಟೊಂದನ್ನು ತಂದು ಬಿಚ್ಚಿದರು. ಒಳಗೆ ಸಾಸಿವೆಗಿಂತ ತುಸು ದಪ್ಪನೆಯ ಕಂದು ಬೀಜಗಳಿದ್ದವು. "ಇದು ಮಳೆಗಾಲದ ಗಿಡ ಸ್ವಾಮಿ. ಯುಗಾದೀಲಿ ಬಯಲಿಗಿಟ್ರೆ ಉಳೀತದಾ?" ಎಂದರು. ತೋಟಗಾರಿಕೆಯ ಪುಸ್ತಕಗಳನ್ನು ಓದಿದ ನನಗೆ ಅದಕ್ಕಿಂತ ಚಿಕ್ಕದಾದ ಮತ್ತು ಸರಿಯಾದ ಉತ್ತರ ತಿಳಿದಿರಲಿಲ್ಲ.

ಒಂದು ಕುಲ, ಮೂರು ಗಿಡ

ಇಂಪೇಷನ್ಸ್ ಎಂಬ ಲ್ಯಾಟಿನ್ ಹೆಸರಿಗೆ ತಾಳ್ಮೆಯಿಲ್ಲದ್ದು ಎಂಬ ಅರ್ಥ. ಬಲಿತ ಕಾಯಿಯನ್ನು ಬೆರಳು ತಾಗಿಸಿದರೆ ಸಾಕು, ಅದು ಸಿಡಿದು ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಹೂವಿನ ಹಿಂಭಾಗದಲ್ಲಿ ಬಾಗಿದ ಕೊಕ್ಕೆಯೊಂದಿದ್ದು, ಎಳೆಯ ತೊಟ್ಟಿನಲ್ಲಿ ಹೂವು ತೂಗಾಡುವ ಬಗೆ ಕಿವಿಯ ಓಲೆಯನ್ನು ನೆನಪಿಸುತ್ತದೆ. ನಮ್ಮವರು ಅದಕ್ಕೆ ಕರ್ಣಕುಂಡಲವೆಂದು ಕರೆದರು. ಗೌರಿಹಬ್ಬದ ವೇಳೆಗೆ ಅರಳುವುದರಿಂದ ಗೌರಿಹೂ ಎನ್ನುವವರೂ ಇದ್ದಾರೆ. ಕೇರಳದಲ್ಲಿ ಇದೇ ಹೂವು ಓಣಂ ಹೂರಂಗೋಲಿಗೆ ಬೀಳುತ್ತದೆ. ದೂರದ ಕೊರಿಯಾದಲ್ಲಿ ಹೆಣ್ಣುಮಕ್ಕಳು ಇದರ ದಳವನ್ನು ಅರೆದು ನಮ್ಮ ಗೋರಂಟಿಯಂತೆ ಉಗುರಿಗೆ ಕಟ್ಟಿಕೊಳ್ಳುತ್ತಾರೆ.

ಸದಸ್ಯರು ಮೊದಲು ಮೂರು ಗಿಡಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ನರ್ಸರಿಯ ಬಿಲ್ಲಿನಲ್ಲಿ ಮೂರಕ್ಕೂ ಒಂದೇ ಹೆಸರು ಬರೆದಿರುತ್ತಾರೆ, ತೊಂದರೆ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲನೆಯದು ನಾಡ ಕರ್ಣಕುಂಡಲ. ನೆಟ್ಟಗೆ ಒಂದೂವರೆಯಿಂದ ಎರಡೂವರೆ ಅಡಿ ಬೆಳೆಯುವ, ಉದ್ದನೆಯ ಗರಗಸದಂಚಿನ ಎಲೆಯ, ಕಾಂಡಕ್ಕೆ ಅಂಟಿಕೊಂಡಂತೆ ಹೂಬಿಡುವ ಒಂದೇ ಹಂಗಾಮಿನ ಗಿಡ. ಇದು ಭಾರತ ಮತ್ತು ಅದರ ನೆರೆಯ ದೇಶಗಳದ್ದೇ ಸಸ್ಯ. ಲಿನೇಯಸ್ 1753ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟನು. ಎರಡನೆಯದು ಪೂರ್ವ ಆಫ್ರಿಕಾದಿಂದ ಬಂದ, ಗಿಡ್ಡನೆಯ, ಚಪ್ಪಟೆ ಹೂವಿನ ಗಿಡ. ನರ್ಸರಿಯಲ್ಲಿ ಬರಿಯ ಇಂಪೇಷನ್ಸ್ ಎಂದರೆ ಬಹುಪಾಲು ಇದೇ. ಅದು ಹುಟ್ಟಿದ್ದು ಕಾಡಿನ ತಂಪಿನಲ್ಲಿ, ಬೇಡುವುದೂ ಅದನ್ನೇ. ಮೂರನೆಯದು ನ್ಯೂಗಿನಿ ಇಂಪೇಷನ್ಸ್. 1970ರಲ್ಲಿ ಅಮೆರಿಕದ ಸಸ್ಯಶೋಧಕರು ನ್ಯೂಗಿನಿ ದ್ವೀಪದಿಂದ ತಂದ ಗಿಡಗಳಿಂದ ಬೆಳೆದು ಬಂದ ತಳಿಗಳಿವು. ಎಲೆ ದಪ್ಪ, ಹೂವು ದೊಡ್ಡದು, ಬೆಲೆಯೂ ಹೆಚ್ಚು. ಇವುಗಳಲ್ಲಿ ಕೆಲವು ಹೊಸ ಮಿಶ್ರತಳಿಗಳು ಪೂರ್ಣ ಬಿಸಿಲನ್ನೂ ತಾಳುತ್ತವೆಂದು ಮಾರಾಟಗಾರರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಬಿಸಿಲು ತಾಳುತ್ತದೆ ಎಂದರೆ ನೀರು ಬೇಡ ಎಂದು ಅರ್ಥವಲ್ಲ.

ನೆರಳು ಎಲ್ಲಿದೆ ಎಂಬುದನ್ನು ಅಳೆಯುವ ಬಗೆ

ಶೀತದೇಶಗಳಲ್ಲಿ ಬರೆದ ಪುಸ್ತಕಗಳು ಉತ್ತರದ ಗೋಡೆಯ ಪಕ್ಕ ಸದಾ ನೆರಳು ಎನ್ನುತ್ತವೆ. ಅದನ್ನು ನಂಬಿ ನಮ್ಮಲ್ಲಿ ಗಿಡ ನೆಟ್ಟವರು ಮೋಸಹೋಗುತ್ತಾರೆ. ಹಾಸನವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯನು ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಯ ಮಕ್ಕಳು ಶೂನ್ಯ ನೆರಳಿನ ದಿನವೆಂದು ಆಚರಿಸುವುದು ಇದನ್ನೇ. ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ನಾಲ್ಕು ತಿಂಗಳು ಉತ್ತರದ ಗೋಡೆಗೇ ಬಿಸಿಲು.

ಹತ್ತು ಅಡಿ ಎತ್ತರದ ಗೋಡೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ಅದರ ನೆರಳು ಉತ್ತರದ ಕಡೆಗೆ ಏಳು ಅಡಿಗೂ ತುಸು ಹೆಚ್ಚು ಚಾಚುತ್ತದೆ. ಮಾರ್ಚ್ ಮೂರನೆಯ ವಾರಕ್ಕೆ ಅದು ಎರಡೂಕಾಲು ಅಡಿಗೆ ಇಳಿಯುತ್ತದೆ. ಏಪ್ರಿಲ್ ಕೊನೆಗೆ ನೆರಳೇ ಇಲ್ಲ. ಜೂನ್ ಕೊನೆಯಲ್ಲಿ ಎರಡು ಅಡಿಗೂ ಕಡಿಮೆ ನೆರಳು ಬೀಳುತ್ತದೆ, ಅದೂ ದಕ್ಷಿಣದ ಕಡೆಗೆ. ಡಿಸೆಂಬರಿನಲ್ಲಿ ನೆರಳು ನೋಡಿ ಗೋಡೆಯಿಂದ ಐದು ಅಡಿ ದೂರದಲ್ಲಿ ಮಡಿ ಮಾಡಿದವರ ಗಿಡ ಮಾರ್ಚಿನಲ್ಲಿ ಬಯಲಿನಲ್ಲಿ ನಿಂತಿರುತ್ತದೆ. ಗಿಡ ಇದ್ದಲ್ಲಿಯೇ ಇದೆ, ಸರಿದುಹೋದದ್ದು ನೆರಳು.

ಪೂರ್ವ ಮತ್ತು ಪಶ್ಚಿಮದ ವಿಚಾರ ಇದಕ್ಕಿಂತ ಸರಳ. ಪೂರ್ವದ ಗೋಡೆಗೆ ಬೆಳಗಿನ ಎಳೆಬಿಸಿಲು ಬಿದ್ದು, ಹನ್ನೆರಡರ ನಂತರ ಕಟ್ಟಡದ ನೆರಳು ಆವರಿಸುತ್ತದೆ. ಇಂಪೇಷನ್ಸ್ ಜಾತಿಯ ಗಿಡಗಳಿಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಶ್ಚಿಮದ ಗೋಡೆಯಾದರೋ ಮಧ್ಯಾಹ್ನ ಎರಡರಿಂದ ಐದರವರೆಗೆ ಕಾದು, ಸಂಜೆಯ ನಂತರವೂ ಬಿಸಿಯನ್ನು ಉಗುಳುತ್ತಿರುತ್ತದೆ. ಮೇಲೆ ಹೇಳಿದ ಕಚೇರಿಯ ಸಸಿಗಳು ಸತ್ತದ್ದು ಇಂತಹ ಗೋಡೆಯ ಬುಡದಲ್ಲಿ.

ಗಿಡ ಕೊಳ್ಳುವ ಮುನ್ನ ಮಾಡಬೇಕಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ಇದಕ್ಕೆ ಒಂದು ಹಿಡಿ ಸುಣ್ಣದ ಪುಡಿ ಸಾಕು. ಬಿಸಿಲಿರುವ ಒಂದು ದಿನ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು ಮತ್ತು ಮೂರು ಗಂಟೆಗೆ ಕಟ್ಟಡದ ಮತ್ತು ಮರಗಳ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಸಿ. ಮೂರು ಗೆರೆಗಳ ಒಳಗೂ ಬರುವ ನೆಲ ಪೂರ್ಣ ನೆರಳಿನದು. ಒಂಬತ್ತರಲ್ಲಿ ಮಾತ್ರ ಬಿಸಿಲು ಕಂಡ ನೆಲ ಅರೆನೆರಳಿನದು. ಡಿಸೆಂಬರ್, ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಒಮ್ಮೊಮ್ಮೆ ಮಾಡಿದರೆ ಆವರಣದ ನಕ್ಷೆಯೇ ಸಿದ್ಧವಾಗುತ್ತದೆ. ಶಾಲೆಯ ಮಕ್ಕಳಿಗೆ ವಹಿಸಿದರೆ ಅವರಿಗೂ ಅದು ಒಂದು ಪಾಠ. ನಮ್ಮ ಕಾಮಗಾರಿಗಳ ಅಂದಾಜುಪಟ್ಟಿಗಳಲ್ಲಿ ಎಲ್ಲ ಅಳತೆಗಳೂ ಇರುತ್ತವೆ, ನೆರಳಿನ ಅಳತೆಯೊಂದು ಇರುವುದಿಲ್ಲ.

ಮರದ ನೆರಳಿನಲ್ಲಿಯೂ ಭೇದವಿದೆ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಬೀಳುವುದು ಚುಕ್ಕೆಚುಕ್ಕೆಯಾಗಿ ಅಲುಗಾಡುವ ನೆರಳು. ತೋಟಕ್ಕೆ ನೀರೂ ಹರಿಯುತ್ತಿರುವುದರಿಂದ ಇಂಪೇಷನ್ಸ್ ಅಲ್ಲಿ ನಗುತ್ತದೆ. ನೀಲಗಿರಿಯ ಬುಡದಲ್ಲಿಯೂ ನೆರಳಿದೆ, ಆದರೆ ಮೇಲ್ಮಣ್ಣಿನ ತೇವವನ್ನು ಮರದ ಬೇರುಗಳೇ ಕುಡಿದಿರುತ್ತವೆ. ಅದು ಒಣನೆರಳು. ಆಳಕ್ಕೆ ಬೇರು ಬಿಡದ ಈ ಗಿಡಗಳು ಒಣನೆರಳಿಗಿಂತ ತೇವದ ಬಿಸಿಲಿನಲ್ಲಿಯೇ ಹೆಚ್ಚು ದಿನ ಬಾಳುತ್ತವೆ.

ಯಾರ ಪಾಲಿನ ನೀರು

ಈಗ ನಾಲ್ಕನೆಯ ಪ್ರಶ್ನೆ. ಇದು ಗಿಡಕ್ಕಿಂತ ಪಂಚಾಯಿತಿಗೆ ಹೆಚ್ಚು ಸಂಬಂಧಪಟ್ಟದ್ದು.

ಬೇಸಗೆಯ ಬಯಲಿನಲ್ಲಿ ತೇವವಾಗಿಟ್ಟ ಮಡಿಯೊಂದು ದಿನಕ್ಕೆ ಆರು ಮಿಲಿಮೀಟರ್ ನೀರನ್ನು ಗಾಳಿಗೆ ಕೊಡುತ್ತದೆಂದು ಹಿಡಿಯಿರಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಗೆ ಅದು ಸುಮಾರು 55 ಲೀಟರ್ ಆಗುತ್ತದೆ. ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಪ್ರದೇಶದಲ್ಲಿ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ನಿಗದಿಪಡಿಸಿರುವ ನೀರಿನ ಪ್ರಮಾಣವೂ 55 ಲೀಟರೇ. ಮಾರ್ಚಿನಿಂದ ಮೇ ತಿಂಗಳವರೆಗೆ ಬಯಲಿನಲ್ಲಿ ಒಂದು ಮಡಿ ಇಂಪೇಷನ್ಸ್ ಸಾಕುವುದೆಂದರೆ ಒಬ್ಬ ಮನುಷ್ಯನ ಪಾಲಿನ ನೀರನ್ನು ಅದಕ್ಕೆ ಕೊಟ್ಟಂತೆ. ಊರಿನ ಕೊಳವೆಬಾವಿ ಕೈಕೊಟ್ಟು ಟ್ಯಾಂಕರ್ ಬರುವ ದಿನಗಳಲ್ಲಿ ಕಚೇರಿಯ ಮುಂದೆ ಪೈಪು ಹಿಡಿದು ಹೂವಿಗೆ ನೀರು ಬಿಡುವುದನ್ನು ಬಿಂದಿಗೆ ಹಿಡಿದು ನಿಂತ ತಾಯಂದಿರು ನೋಡುತ್ತಾರೆ. ಆದಕಾರಣ ನನ್ನ ಅಭಿಪ್ರಾಯ ಸ್ಪಷ್ಟ: ಬೇಸಗೆಯಲ್ಲಿ ಸಾರ್ವಜನಿಕ ನೀರಿನಿಂದ ಬಯಲಿನಲ್ಲಿ ಈ ಗಿಡಗಳನ್ನು ಬೆಳೆಸಬಾರದು. ಪೂರ್ವದ ಜಗಲಿಯ ನೆರಳಿನಲ್ಲಿ ಹತ್ತು ಹನ್ನೆರಡು ಕುಂಡಗಳಿದ್ದರೆ ಸಾಕು. ಬಯಲಿನ ಹೂವು ಮಳೆಗಾಲದ್ದಾಗಿರಲಿ.

ಮಿನಿ ಟ್ಯಾಂಕಿನ ಪಕ್ಕದಲ್ಲಿ ಸೋರಿ ಹರಿಯುವ ನೀರನ್ನು ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಬಳಸಬಹುದು, ನೀರು ನಿಲ್ಲದಂತೆ ಮಡಿಯನ್ನು ಅರ್ಧ ಅಡಿ ಎತ್ತರಿಸಿದರೆ. ಕಾಂಡದ ತುಂಬ ನೀರೇ ಇರುವ ಗಿಡವಾದುದರಿಂದ ಬುಡದಲ್ಲಿ ನೀರು ನಿಂತರೆ ಎರಡು ಮೂರು ದಿನಗಳಲ್ಲಿ ಕೊಳೆಯುತ್ತದೆ. ಸೋರುವ ನಲ್ಲಿಯನ್ನು ಮೊದಲು ದುರಸ್ತಿ ಮಾಡಿಸುವುದು ಇನ್ನೂ ಉತ್ತಮ.

ಇನ್ನೊಂದು ತಪ್ಪು ಸಾಮಾನ್ಯ. ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡ ಕೂಡಲೇ ನೀರು ಸುರಿಯುತ್ತಾರೆ. ಬಿಸಿಲು ಹೆಚ್ಚಾದಾಗ ಬೇರು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗುತ್ತದೆ, ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ಸಂಜೆ ಆರರ ವೇಳೆಗೆ ತಾನಾಗಿ ಎದ್ದರೆ ನೀರು ಬೇಕಿರಲಿಲ್ಲವೆಂದು ತಿಳಿಯಬೇಕು. ಬೆಳಗಿನ ಹೊತ್ತಿನಲ್ಲಿಯೂ ಬಾಡಿದ್ದರೆ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಮಣ್ಣಿನಲ್ಲಿ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆತಿದೆ, ಗಿಡವನ್ನು ಕಿತ್ತು ತೆಗೆಯಿರಿ.

ಬಿತ್ತುವ ಮಳೆ

ನಮ್ಮ ಜಿಲ್ಲೆಯಲ್ಲಿ ಮಳೆ ಎಲ್ಲೆಡೆ ಒಂದೇ ಬಗೆಯಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಬಿದ್ದರೆ, ಚನ್ನರಾಯಪಟ್ಟಣದಲ್ಲಿ 700ರ ಆಸುಪಾಸು. ಅರಕಲಗೂಡಿನಲ್ಲಿಯೇ ಕೊಡಗಿನ ಕಡೆಯ ಮಲ್ಲಿಪಟ್ಟಣಕ್ಕೂ ಪೂರ್ವದ ಹೋಬಳಿಗಳಿಗೂ ವ್ಯತ್ಯಾಸವಿದೆ. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ಬಿತ್ತನೆಯ ದಿನಾಂಕ ಹೇಳುವುದು ತಪ್ಪಾಗುತ್ತದೆ.

ನಾಡ ಕರ್ಣಕುಂಡಲವು ಬಿತ್ತಿದ ವಾರದೊಳಗೆ ಮೊಳೆತು, ಸುಮಾರು ಎರಡು ತಿಂಗಳಿಗೆ ಹೂಬಿಡುತ್ತದೆ. ಮಲ್ಲಿಪಟ್ಟಣದ ಕಡೆ, ಹಾಸನ ತಾಲ್ಲೂಕಿನ ಪಶ್ಚಿಮ ಭಾಗ ಮತ್ತು ಮುಂಗಾರು ಚೆನ್ನಾಗಿ ಹಿಡಿಯುವ ಊರುಗಳಲ್ಲಿ ಜೂನ್ ಎರಡನೆಯ ವಾರದಿಂದ ಆರಂಭವಾಗುವ ಮೃಗಶಿರ ಮಳೆಯಲ್ಲಿ ಬಿತ್ತಿದರೆ ಗೌರಿ ಗಣೇಶ ಹಬ್ಬಕ್ಕೆ ಅಂಗಳ ತುಂಬಿರುತ್ತದೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಹಿರೀಸಾವೆ ಹಾಗೂ ಹೊಳೆನರಸೀಪುರದ ಪೂರ್ವದ ಊರುಗಳಲ್ಲಿ ಜುಲೈ ತಿಂಗಳಲ್ಲಿ ಮಳೆ ಬಿಡುವು ಕೊಟ್ಟು ಗಾಳಿ ಬೀಸುವುದೇ ಹೆಚ್ಚು. ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಅಲ್ಲಿ ಆಗಸ್ಟ್ ಉತ್ತರಾರ್ಧದ ಮಘ ಮಳೆಗೆ ಬಿತ್ತುವುದು ಲೇಸು. ಉತ್ತರೆ, ಹಸ್ತ ಮಳೆಗಳು ಗಿಡವನ್ನು ಸಾಕುತ್ತವೆ, ದೀಪಾವಳಿಗೆ ಹೂವು ಸಿಗುತ್ತದೆ.

ಮಣ್ಣು ಸಡಿಲಿಸಿ, ನಿಮ್ಮ ಸ್ವಚ್ಛ ಸಂಕೀರ್ಣದ ಹಸಿಕಸದಿಂದ ಕಳಿತ ಗೊಬ್ಬರವಿದ್ದರೆ ಬೆರೆಸಿ. ಬೀಜವನ್ನು ತೆಳುವಾಗಿ ಮಣ್ಣು ಮುಚ್ಚುವಷ್ಟು ಆಳಕ್ಕೆ ಹಾಕಿ. ಮೂರು ನಾಲ್ಕು ಎಲೆ ಬಂದಾಗ ಅಡಿಗೊಂದರಂತೆ ಉಳಿಸಿ, ಉಳಿದವನ್ನು ಸಂಜೆಯ ಹೊತ್ತು ಬೇರೆಡೆ ನಾಟಿ ಮಾಡಿ. ಯೂರಿಯಾ ಬೇಡ, ಹಾಕಿದರೆ ಎಲೆ ಹುಲುಸಾಗಿ ಹೂವು ಕಡಿಮೆಯಾಗುತ್ತದೆ. ಮಳೆಗಾಲದ ಮೋಡದ ನಡುವೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಈ ಗಿಡ ಸುಖವಾಗಿರುತ್ತದೆ. ದಟ್ಟ ನೆರಳಿನಲ್ಲಿ ಉದ್ದುದ್ದ ಬೆಳೆದು ಬಾಗುವುದೇ ಹೊರತು ಹೂವು ವಿರಳ.

ಆಫ್ರಿಕಾದ ಇಂಪೇಷನ್ಸ್ ಬೇಕೆನ್ನುವವರು ಸಾಲುಸಾಲು ಸಸಿ ಕೊಳ್ಳಬೇಕಾಗಿಲ್ಲ. ನಾಲ್ಕು ಗಿಡ ತಂದು, ಗೆಣ್ಣಿರುವ ಮೂರು ನಾಲ್ಕು ಅಂಗುಲದ ಕುಡಿಗಳನ್ನು ಕತ್ತರಿಸಿ ಲೋಟದ ನೀರಿನಲ್ಲಿ ಅಥವಾ ತೇವದ ಮರಳಿನಲ್ಲಿ ನಿಲ್ಲಿಸಿದರೆ ಎರಡು ವಾರಗಳೊಳಗೆ ಬೇರು ಬರುತ್ತದೆ. ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯೆಯರು ಇದನ್ನು ಒಂದು ದಿನದಲ್ಲಿ ಕಲಿಯುತ್ತಾರೆ. ಪಂಚಾಯಿತಿಗೆ ಬೇಕಾದ ಸಸಿಯನ್ನು ಅವರಿಂದಲೇ ಕೊಂಡರೆ ಹಣ ಊರಿನಲ್ಲಿಯೇ ಉಳಿಯುತ್ತದೆ. ಬಿಸಿಲು ತಾಳುವ ಹೊಸ ಮಿಶ್ರತಳಿಗಳಲ್ಲಿ ಕೆಲವಕ್ಕೆ ಕಂಪನಿಯ ಹಕ್ಕು ಇರುವುದರಿಂದ, ಅವುಗಳ ಕುಡಿ ಮಾಡಿ ಮಾರುವ ಮುನ್ನ ಚೀಟಿಯನ್ನು ಓದಬೇಕು.

ಕೀಟರೋಗಗಳು ಹೆಚ್ಚಿಲ್ಲ. ಬಾಲದಲ್ಲಿ ಕೊಂಬಿರುವ ದಪ್ಪ ಹುಳು ಒಂದು ರಾತ್ರಿಯಲ್ಲಿ ಗಿಡವನ್ನು ಬೋಳಿಸಬಲ್ಲದು. ಕೈಯಿಂದ ಆರಿಸಿ ತೆಗೆದರೆ ಸಾಕು. ಮಳೆ ಹಿಂದೆಗೆದು ರಾತ್ರಿ ತಂಪಾದಾಗ ಎಲೆಯ ಮೇಲೆ ಬೂದಿ ರೋಗದ ಬಿಳಿಪುಡಿ ಕಾಣುತ್ತದೆ, ಆ ವೇಳೆಗೆ ಗಿಡದ ಆಯುಸ್ಸೂ ಮುಗಿಯುತ್ತಿರುತ್ತದೆ. ಎಲೆಯ ತಳಭಾಗದಲ್ಲಿ ಬಿಳಿಯ ಬೂಜು ಕಟ್ಟಿ ಎಲೆ ಉದುರತೊಡಗಿದರೆ ಮಾತ್ರ ಎಚ್ಚರ ಬೇಕು. ಈ ಬೂಜುತುಪ್ಪಟ ರೋಗವು 2003ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡು, ಮುಂದೆ ಅಮೆರಿಕದಲ್ಲಿ ಆಫ್ರಿಕಾದ ಇಂಪೇಷನ್ಸ್ ಮಡಿಗಳನ್ನು ಸಾಲುಸಾಲಾಗಿ ಕೊಂದಿತು. ಅಂತಹ ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬಿಸಿ ಹೊರಹಾಕಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಸಂಶಯವಿದ್ದಲ್ಲಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಕಾರೆಕೆರೆಯ ಕೃಷಿ ಮಹಾವಿದ್ಯಾಲಯಕ್ಕೆ ಎಲೆಯನ್ನು ಒಯ್ದು ತೋರಿಸಿ.

ಘಟ್ಟದ ಗಿಡ ಘಟ್ಟದಲ್ಲಿ

ನಮ್ಮ ಜಿಲ್ಲೆಗೆ ಸಸ್ಯಶಾಸ್ತ್ರದಲ್ಲಿ ಒಂದು ಗೌರವದ ಸ್ಥಾನವಿದೆ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಫಾದರ್ ಸಿಸಿಲ್ ಸಲ್ಡಾನಾ ಹಾಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಒಂದೇ ಜಿಲ್ಲೆಯ ಗಿಡಗಳ ಬಗ್ಗೆ ಅಷ್ಟು ವಿಸ್ತಾರವಾದ ಗ್ರಂಥಗಳು ಅಂದಿಗೆ ದೇಶದಲ್ಲಿ ವಿರಳ. ಕಾಡು ಕರ್ಣಕುಂಡಲಗಳಿಗೆ ಪಶ್ಚಿಮಘಟ್ಟ ತವರುಮನೆ. ಅವುಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲಿಯೂ ಇಲ್ಲದವು.

ಮಳೆಗಾಲದಲ್ಲಿ ಬಿಸಿಲೆ ಘಟ್ಟದ ಕಡೆ ಹೋದವರು ನೀರು ಒಸರುವ ಬಂಡೆಗಳ ಮೇಲೆ ಗುಲಾಬಿ ಬಣ್ಣದ ಈ ಹೂವುಗಳನ್ನು ಕಂಡು, ಬೇರುಸಹಿತ ಕಿತ್ತು ತರುವುದುಂಟು. ಅವು ನಮ್ಮ ಬಯಲಿಗೆ ಬಂದು ಒಂದು ವಾರವೂ ಬದುಕುವುದಿಲ್ಲ. ಅವುಗಳಿಗೆ ಬೇಕಾದುದು ತಿಂಗಳುಗಟ್ಟಲೆ ನಿಲ್ಲದ ತೇವ, ಅದು ಕುಂಡದಲ್ಲಿ ದೊರೆಯದು. ಅಲ್ಲಿದ್ದ ಗಿಡವೂ ಹೋಯಿತು, ಇಲ್ಲಿಗೂ ಬರಲಿಲ್ಲ. ಪಂಚಾಯಿತಿಯ ಅಥವಾ ಶಾಲೆಯ ಪ್ರವಾಸದಲ್ಲಿ ಇದು ನಡೆಯದಂತೆ ಸದಸ್ಯರು ನೋಡಿಕೊಳ್ಳಬೇಕು.

ಉಳಿಸಿಕೊಳ್ಳಬೇಕಾದ ಸಂಪತ್ತು ನಿಮ್ಮ ಊರಿನಲ್ಲಿಯೇ ಇದೆ. ಹಳೆಯ ಮನೆಗಳ ಹಿತ್ತಲಿನಲ್ಲಿ ಬಿಳಿ, ಕೆಂಪು, ನೇರಳೆ, ಎರಡು ಬಣ್ಣದ, ಒಂಟಿ ಸುತ್ತಿನ, ಗುಲಾಬಿಯಂತೆ ಹಲವು ಸುತ್ತಿನ ಕರ್ಣಕುಂಡಲಗಳು ಇಂದಿಗೂ ಇವೆ. ಹಿತ್ತಲಿಗೆ ಸಿಮೆಂಟು ಬಿದ್ದಂತೆ ಅವು ಹೋಗುತ್ತಿವೆ. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಹೊಲದ ನಾಟಿತಳಿಗಳನ್ನು ಅದರಲ್ಲಿ ಬರೆಯುವಂತೆ ಹಿತ್ತಲಿನ ಹೂತಳಿಗಳನ್ನೂ ಬರೆಯಬಹುದು. ಯಾವ ಬಣ್ಣ, ಎಷ್ಟು ಸುತ್ತು, ಯಾವ ಬೀದಿಯಲ್ಲಿದೆ, ಯಾವ ಮಳೆಗೆ ಬಿತ್ತುತ್ತಾರೆ ಎಂಬ ನಾಲ್ಕು ಮಾತು ಸಾಕು.

ಬೀಜ ಹಿಡಿಯುವುದಕ್ಕೆ ಒಂದು ಉಪಾಯವಿದೆ. ಕಾಯಿ ಪೂರ್ಣ ಬಲಿತ ಮೇಲೆ ಮುಟ್ಟಿದರೆ ಬೀಜ ಕೈಗೆ ಸಿಗದು. ಕಾಯಿ ಉಬ್ಬಿ, ಹಸಿರು ಬಣ್ಣ ತಿಳಿಯಾಗಿ ಹಳದಿಗೆ ತಿರುಗುವಾಗ ಬೆಳಗಿನ ತೇವದಲ್ಲಿ ಅಂಗೈಯಿಂದ ಮುಚ್ಚಿ ಹಿಡಿದು ಕೀಳಬೇಕು. ತೆಳುಬಟ್ಟೆಯ ಚೀಲದಲ್ಲಿ ಹಾಕಿ ನೆರಳಿನಲ್ಲಿ ತೂಗುಹಾಕಿದರೆ ಒಳಗೇ ಸಿಡಿಯುತ್ತವೆ. ಹತ್ತು ದಿನ ಒಣಗಿದ ನಂತರ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಣ್ಣ, ಊರು ಮತ್ತು ವರ್ಷವನ್ನು ಬರೆದಿಡಿ. ಬೇರೆಬೇರೆ ಬಣ್ಣದ ಗಿಡಗಳು ಅಕ್ಕಪಕ್ಕ ಇದ್ದರೆ ಜೇನುನೊಣಗಳಿಂದ ಬಣ್ಣ ಬೆರೆಯುವ ಸಂಭವವಿದೆ; ಅಪರೂಪದ ಬಣ್ಣವೊಂದು ಸಿಕ್ಕಿದ್ದರೆ ಅದನ್ನು ಬೇರೆ ಅಂಗಳದಲ್ಲಿ ಬಿತ್ತಿಸಿ. ಪೊಟ್ಟಣಗಳನ್ನು ಗ್ರಂಥಾಲಯದ ಕಪಾಟಿನಲ್ಲಿಟ್ಟು, ಮೇ ಕೊನೆಯ ವಾರದಲ್ಲಿ ಕೇಳಿದ ಮನೆಗಳಿಗೆ ಹತ್ತು ಹತ್ತು ಬೀಜ ಕೊಡಿ. ಮರುವರ್ಷ ಇಪ್ಪತ್ತು ಬೀಜ ಹಿಂದಿರುಗಿಸುವ ಕರಾರಿನೊಂದಿಗೆ ಕೊಡುವುದು ಇನ್ನೂ ಒಳ್ಳೆಯದು.